ಬೆನ್ನ ಹಿಂದಿನ ಗಾಳಿ

ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಕಬ್ಬಿನ ಹೊಲ ಶುರುವಾಗುವ ಮೊದಲು, ಎಡಗಡೆ ತಗಡಿನದೊಂದು ಅಂಗಡಿ ಇದೆ. ಬೋರ್ಡಿನ ಮೇಲೆ ಇನ್ನೂ ‘ವಿಠೋಬಾ ಸೀಟ್ ಮತ್ತು ಹುಡ್ ವರ್ಕ್ಸ್’ ಅಂತಲೇ ಇದೆ. ವಿಠೋಬಾ ತೀರಿಕೊಂಡು ಒಂಬತ್ತು ವರ್ಷವಾಯಿತು. ಹೊಲಿಗೆ ಮಷಿನ್ನಿನ ಹಿಂದೆ ಕೂತಿರುವವಳು ಅವನ ಹೆಂಡತಿ ಅನಸವ್ವ. ಹೊಸಬರು ಬಂದರೆ ಒಳಗೆ ಇಣುಕಿ, “ಮಾಸ್ತರ ಎಲ್ಲಿ ಹೋಗ್ಯಾರ್ರಿ?” ಎಂದು ಕೇಳುತ್ತಾರೆ. ಅನಸವ್ವ ಮಷಿನ್ ನಿಲ್ಲಿಸಿ, ಕೇಳಿದವರ ಬಾಯಿಯನ್ನೇ ಒಂದು ಗಳಿಗೆ ನೋಡಿ, “ಮಾಸ್ತರ ನಾನ. ಏನ್ ಹೊಲೀಬೇಕು ಹೇಳ್ರಿ” ಎನ್ನುತ್ತಾಳೆ. ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುವಷ್ಟು ದೊಡ್ಡ ದನಿ.

ಆ ದನಿಗೆ ಕಾರಣ ಪಾವರಲೂಮು. ಅನಸವ್ವ ನೇಕಾರರ ಮನೆಯಲ್ಲಿ ಹುಟ್ಟಿದವಳು. ಹದಿನಾಲ್ಕನೆಯ ವಯಸ್ಸಿಗೆ ಮಗ್ಗದ ಶೆಡ್ಡಿಗೆ ಹೋದವಳು, ಇಪ್ಪತ್ತೆರಡು ವರ್ಷ ಅದರೊಳಗೇ ಇದ್ದಳು. ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಲ್ಲಿ ಕೆಲಸ ಮಾಡುವ ಹೆಂಗಸರು ಬಾಯಿ ನೋಡಿಯೇ ಮಾತಾಡುತ್ತಾರೆ. ಮದುವೆ ಮಾತುಕತೆ, ಅತ್ತೆಯ ದೂರು, ಸಾರಿಗೆ ಏನು ಹಾಕಿದೆ ಎಂಬುದು, ಎಲ್ಲ ತುಟಿಯಿಂದ ತುಟಿಗೆ. ಶೆಡ್ಡು ಬಿಡುವ ಹೊತ್ತಿಗೆ ಅವಳ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಮುಕ್ಕಾಲು. ಅದನ್ನು ಅವಳು ದೊಡ್ಡ ನಷ್ಟವೆಂದು ಎಣಿಸಿರಲಿಲ್ಲ. ಶೆಡ್ಡಿನ ಎಲ್ಲರದೂ ಅದೇ ಪಾಡು.

ವಿಠೋಬಾ ಮಗ್ಗ ಬಿಟ್ಟು ಜೀಪಿಗೆ, ಟ್ರ್ಯಾಕ್ಟರಿಗೆ ಹುಡ್ ಹೊಲಿಯುವ ಕೆಲಸ ಹಿಡಿದಾಗ ಅವಳೂ ಜೊತೆಗೆ ಕೂತಳು. ಅವನು ಅಳತೆ ತೆಗೆಯುವನು, ಕತ್ತರಿಸುವನು, ಅವಳು ಹೊಲಿಯುವಳು. ಅವನು ಹೋದ ಮೇಲೆ ಅಳತೆಯನ್ನೂ ಅವಳೇ ತೆಗೆದಳು. ವಿಠೋಬಾ ಟೇಪು ಹಿಡಿದು ಅಳೆಯುತ್ತಿದ್ದ. ಅನಸವ್ವನಿಗೆ ಮೊಳ, ಗೇಣು, ಬೆರಳು ಸಾಕು. ಆರು ತಿಂಗಳಲ್ಲಿ ಗಿರಾಕಿಗಳು, ಅವನಿಗಿಂತ ಅವಳದೇ ಅಳತೆ ಕರೆಕ್ಟು ಎನ್ನತೊಡಗಿದರು. ಅವಳ ಮುಂದೆ ಯಾರೂ ಹಾಗೆ ಹೇಳಲಿಲ್ಲ, ಆದರೆ ಅವಳು ದೂರದಿಂದಲೇ ಬಾಯಿ ನೋಡಿ ತಿಳಿದುಕೊಂಡಿದ್ದಳು.

ಕಳೆದ ವರ್ಷ ಫೆಬ್ರುವರಿಯ ಒಂದು ಬೆಳಿಗ್ಗೆ, ಕಬ್ಬಿನ ಸೀಜನ್ನು ಜೋರಾಗಿ ನಡೆದಿದ್ದಾಗ, ಅಂಗಡಿಯ ಮುಂದೆ ಒಂದು ಕಾರು ಬಂದು ನಿಂತಿತು. ಗಾಢ ಹಸಿರು ಬಣ್ಣ, ನೆಲಕ್ಕೆ ಅಂಟಿಕೊಂಡಂಥ ಗಾಡಿ. ಎರಡೇ ಸೀಟು, ಮೇಲಿನ ಬಟ್ಟೆಯ ಛತ್ತು ಹಿಂದಕ್ಕೆ ಮಡಚಿತ್ತು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವನೊಬ್ಬ ನಿಧಾನ ಮಾಡಿ, ಮೇಲಿನಿಂದ ಕಾರಿನೊಳಗೆ ಬಾವಿ ನೋಡುವಂತೆ ನೋಡಿ ಹೋದ.

ಇಳಿದವರು ಗಂಡ ಹೆಂಡತಿ. ಹೆಂಡತಿಗೆ ಅರವತ್ತರ ಆಸುಪಾಸು, ಕತ್ತಿನವರೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಗಂಡ ಎತ್ತರದ ಆಳು, ಕೊರಳಿಗೆ ತೆಳ್ಳನೆಯ ಹತ್ತಿಯ ಮಫ್ಲರ್.

“ನಾನು ಶುಭದಾ. ಜಮಖಂಡಿಯಿಂದ ಬಂದೀವಿ. ಇವರು ದತ್ತಾತ್ರೇಯ, ವಕೀಲರು,” ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿ, “ಇವರಿಗೆ ಗಂಟಲದ ಆಪರೇಶನ್ ಆಗೇದ. ಮಾತು ಬರೂದಿಲ್ಲ. ನನ್ನ ಕೂಡನ ಮಾತಾಡ್ರಿ” ಎಂದಳು.

ಮಾತು ಪೂರ್ತಿ ಹೋಗಿರಲಿಲ್ಲ. ಎರಡೂವರೆ ವರ್ಷದ ಕೆಳಗೆ ಮಿರಜಿನಲ್ಲಿ ಆಪರೇಶನ್ ಆಗಿ, ಧ್ವನಿ ಹೊರಡಿಸುವ ಭಾಗದಲ್ಲಿ ಬಹಳಷ್ಟನ್ನು ತೆಗೆದಿದ್ದರು. ಉಳಿದದ್ದು ಬರೇ ಉಸಿರಿನ ಪಿಸುಮಾತು. ಅದಕ್ಕಿಂತ ಮೊದಲು ದತ್ತಾತ್ರೇಯ ಕೋರ್ಟಿನಲ್ಲಿ ವಾದಕ್ಕೆ ನಿಂತರೆ ಹೊರಗೆ ಚಹಾದಂಗಡಿಯಲ್ಲಿ ಕೂತವರಿಗೂ ಕೇಳುತ್ತಿತ್ತಂತೆ. ಆಪರೇಶನ್ನಾದ ಮೇಲೆ ಕರೀ ಕೋಟು ಬಿಚ್ಚಿಟ್ಟರು. ಆರು ತಿಂಗಳು ಮನೆಯಲ್ಲಿ ಕೂತರು. ಏಳನೆಯ ತಿಂಗಳು ಪುಣೆಗೆ ಹೋಗಿ, ಹದಿನೈದು ವರ್ಷ ಹಳೆಯದಾದ ಈ ಗಾಡಿ ಕೊಂಡು ತಂದರು. ಯಾಕೆ ಎಂದು ಕೇಳಿದವರಿಗೆ ಅವರು ಉತ್ತರ ಹೇಳಿದರು, ಯಾರಿಗೂ ಕೇಳಿಸಲಿಲ್ಲ.

ಗಾಡಿಯಲ್ಲಿ ತೊಂದರೆ ಇದೇ ಆಗಿತ್ತು. ವಾರಕ್ಕೆರಡು ಸಲ ಅವರು ಛತ್ತು ಮಡಚಿ ಮುಧೋಳದ ಮೇಲೆ ಬೀಳಗಿ ದಾಟಿ ಅನಗವಾಡಿಯವರೆಗೆ ಹೋಗಿ, ಹೊಳೆಯ ದಂಡೆಗೆ ನಿಂತು ವಾಪಸ್ ಬರುತ್ತಿದ್ದರು. ಮನೆಯಲ್ಲಿ, ಕಿಟಕಿ ಬಾಗಿಲು ಹಾಕಿಕೊಂಡು ಕೂತರೆ ಅವರ ಪಿಸುಮಾತು ಶುಭದಾಗೆ ಕೇಳುತ್ತಿತ್ತು. ಗಾಡಿ ಓಡತೊಡಗಿದರೆ ಮುಗಿಯಿತು. ಗಾಳಿಯ ಅಬ್ಬರದಲ್ಲಿ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅವರು ಏನೋ ಹೇಳುವರು, ಅವಳು ಊಹಿಸಿ ತಲೆಯಾಡಿಸುವಳು. ತಪ್ಪು ಜಾಗದಲ್ಲಿ ತಲೆಯಾಡಿಸಿದ್ದು ಗೊತ್ತಾದಾಗ ಅವರು ಸುಮ್ಮನಾಗಿಬಿಡುವರು. ಹೋಗಿ ಬರುವ ನೂರಾರು ಕಿಲೋಮೀಟರು ಹಾಗೇ ಕಳೆಯುತ್ತಿತ್ತು.

“ಛತ್ತು ಹಾಕ್ಕೊಂಡು ಹೋದ್ರ ಆತಲ್ರಿ ಅಕ್ಕಾರ?” ಎಂದು ಅನಸವ್ವ ಕೇಳಿದಳು.

ಶುಭದಾ ಉತ್ತರ ಕೊಡುವ ಮೊದಲೇ ದತ್ತಾತ್ರೇಯರ ತುಟಿ ಅಲುಗಿತು. ಅನಸವ್ವ ಅವರ ಕಡೆ ತಿರುಗಿ, “ಅದೂ ಖರೇನ ರೀ. ಪೆಟ್ಟಿಗ್ಯಾಗ ಕುಂದ್ರಾಕ ಇಷ್ಟು ದೂರ ಯಾಕ ಹೋಗ್ಬೇಕು” ಎಂದಳು.

ಶುಭದಾ ಗಂಡನನ್ನೂ ಇವಳನ್ನೂ ನೋಡಿದಳು. “ಅವರು ಅಂದದ್ದು ನಿಮಗ ಕೇಳಿಸ್ತೇನು?”

“ಇಲ್ರಿ. ನನಗ ನಿಮ್ಮ ಮಾತೂ ಕೇಳೂದಿಲ್ಲ,” ಎಂದಳು ಅನಸವ್ವ. “ಬಾಯಿ ನೋಡ್ತೀನಿ.”

ವಕೀಲರು ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಇಂಥದೇ ಗಾಡಿ, ಸೀಟುಗಳ ಹಿಂದೆ ಅಡ್ಡಕ್ಕೆ ನಿಲ್ಲಿಸಿದ ಕಪ್ಪು ಜಾಳಿಗೆಯ ಚೌಕಟ್ಟು. ಗಾಳಿ ತಡೆಯುವ ಸಾಮಾನು, ಹೊರದೇಶದಲ್ಲಿ ಸಿಗುತ್ತದೆ, ಈ ಹಳೆಯ ಮಾಡೆಲ್ಲಿಗೆ ಈಗ ಮಾಡುವುದಿಲ್ಲವಂತೆ. ನೀವು ಮಾಡಿಕೊಡಬೇಕು ಎಂದರು.

ಅನಸವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ನಂಬಿಕೆ ಬರಲಿಲ್ಲ. ಗಾಡಿ ಮುಂದೆ ಹೋಗುತ್ತದೆ, ಗಾಳಿ ಎದುರಿನಿಂದ ಬರುತ್ತದೆ. ಅಡ್ಡ ಕಟ್ಟುವುದಾದರೆ ಮುಂದೆ ಕಟ್ಟಬೇಕು. ಬೆನ್ನಿನ ಹಿಂದೆ ಪರದೆ ಕಟ್ಟಿ ಏನು ಪ್ರಯೋಜನ? ಅದನ್ನು ಹಾಗೇ ಹೇಳಿದಳು.

“ಚಿತ್ರದಾಗ ಐತಿ ಅಂತ ನಾ ಮಾಡಾಂಗಿಲ್ರಿ. ಮೊದಲ ಗಾಳಿ ಎತ್ತಾಗಿಂದ ಬರ್ತೈತಿ ನೋಡ್ಬೇಕು. ನನ್ನ ಒಂದು ಸುತ್ತು ಕರ್ಕೊಂಡು ಹೋಗ್ರಿ.”

ಗಾಳಿಯನ್ನು ನೋಡುವುದು ಹೇಗೆಂದು ವಕೀಲರು ಕೇಳಿದರು. ಅನಸವ್ವ ಡಬ್ಬಿಯಿಂದ ಒಂದು ಉಂಡೆ ಕೆಂಪು ನೂಲು ತೆಗೆದು, ಗೇಣುದ್ದದ ತುಂಡು ಮಾಡಿ, ಗಾಡಿಯ ತುಂಬ ಕಟ್ಟಿದಳು: ಮುಂದಿನ ಗಾಜಿನ ಅಂಚಿಗೆ, ಕನ್ನಡಿಗೆ, ಸೀಟಿನ ನೆತ್ತಿಗೆ, ಗಾಡಿ ಪಲ್ಟಿಯಾದರೆ ತಲೆ ಉಳಿಯಲೆಂದು ಸೀಟುಗಳ ಹಿಂದೆ ಕೂರಿಸಿದ್ದ ಎರಡು ಉಕ್ಕಿನ ಕಮಾನುಗಳಿಗೆ. ಶುಭದಾ ಅಂಗಡಿಯಲ್ಲಿ ಉಳಿದಳು. ಸೆರಗನ್ನು ಸೊಂಟಕ್ಕೆ ಬಿಗಿದು ಅನಸವ್ವ ಗಾಡಿಯಲ್ಲಿ ಕೂತಳು. ಸೀಟು ಇಷ್ಟು ತಗ್ಗಿನಲ್ಲಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಂತಾಯಿತು.

ಮುಧೋಳದ ದಾರಿ ಸಿಕ್ಕ ಮೇಲೆ ವಕೀಲರು ವೇಗ ಹೆಚ್ಚಿಸಿದರು. ಮುಂದಿನ ಗಾಜಿನ ಅಂಚಿನ ನೂಲು ಅವಳು ಎಣಿಸಿದಂತೆಯೇ ಹಿಂದಕ್ಕೆ ಹಾರಿತು. ಆದರೆ ಸೀಟಿನ ನೆತ್ತಿಗೆ ಕಟ್ಟಿದ್ದ ನೂಲು ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೆ ಹಾರಿ ಅವಳ ಕಪಾಳಕ್ಕೆ ಹೊಡೆಯಿತು. ಕಮಾನಿನ ನೂಲುಗಳೂ ಎದ್ದು ಗಾಜಿನ ಕಡೆಗೇ ಬೊಟ್ಟು ಮಾಡಿದವು. ಅನಸವ್ವ ಹಿಂತಿರುಗಿ ಮೊಣಕಾಲೂರಿ ನೋಡಿದಳು. ಗಾಳಿ ಗಾಜಿನ ಮೇಲೆ ಹಾರಿ ಹೋಗಿ, ಸೀಟಿನ ಹಿಂದೆ ಕೆಳಗೆ ಬಿದ್ದು, ಅಲ್ಲಿಂದ ಹೊರಳಿ ಬೆನ್ನಿಗೆ, ಕುತ್ತಿಗೆಗೆ, ಕಿವಿಗೆ ಬಡಿಯುತ್ತಿತ್ತು.

“ಹೌದ್ರಿ!” ಎಂದು ಕೂಗಿದಳು. “ಕಳ್ಳನಂಗ ಹಿತ್ತಲಾಗಿಂದ ಬರ್ತೈತಿ!”

ವಕೀಲರು ನಕ್ಕರು. ಅವರ ತುಟಿ ಏನೋ ಹೇಳಿತು.

“ಹೆಂಗ ನಂಬಬೇಕ್ರಿ, ನೋಡದ? ನೀವೂ ಕೋರ್ಟಿನ್ಯಾಗ ಸಾಕ್ಷಿ ಕೇಳ್ತೀರಿಲ್ಲೋ?” ಎಂದಳು.

ಅವರು ಬ್ರೇಕು ಒತ್ತಿ ಗಾಡಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಏನಾಯಿತೆಂದು ಅನಸವ್ವ ಅವರ ಮುಖ ನೋಡಿದಳು. ಏನೂ ಆಗಿರಲಿಲ್ಲ. ಓಡುವ ಗಾಡಿಯಲ್ಲಿ ತಾವು ಆಡಿದ ಮಾತಿಗೆ ಯಾರೋ ಉತ್ತರ ಕೊಟ್ಟದ್ದು ಅದೇ ಮೊದಲು ಎಂದರು. ಆಮೇಲೆ, ಫೋನಿನಲ್ಲಿ ಬರೆದು ತೋರಿಸುವುದು ತಮಗೆ ಸೇರುವುದಿಲ್ಲ, ಬರೆದು ಮುಗಿಸುವಷ್ಟರಲ್ಲಿ ಮಾತು ಹಳಸಿಹೋಗುತ್ತದೆ ಎಂದರು. ಅನಸವ್ವ ಹೌದೆಂದಳು. ಇಬ್ಬರೂ ವಾಪಸ್ ಬಂದರು.

ಮೊದಲ ಸಲ ಅವಳು ಮಾಡಿದ್ದು ಕೆಟ್ಟಿತು.

ಜಾಳಿಗೆ ಅವಳಿಗೆ ದುರ್ಬಲ ಅನ್ನಿಸಿತ್ತು. ತೂತಿದ್ದದ್ದು ಗಾಳಿ ಹೇಗೆ ತಡೆದೀತು? ಪಕ್ಕದ ವೆಲ್ಡಿಂಗ್ ಅಂಗಡಿಯ ಅರುಣನಿಂದ ಕೊಳವೆಯ ಚೌಕಟ್ಟು ಮಾಡಿಸಿ, ಅದಕ್ಕೆ ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕೂರಿಸಿ, ಕಮಾನಿಗೆ ಬೋಲ್ಟ್ ಹಾಕಿ ಬಿಗಿದಳು. ನೋಡಲು ಛಲೋ ಇತ್ತು. ನೂಲು ಕಟ್ಟಿ ಒಂದು ಸಣ್ಣ ಸುತ್ತು ಹೋಗಿ ನೋಡಿದರೆ ನೂಲೂ ಹಾರಲಿಲ್ಲ. ಒಪ್ಪಿಸಿ ಕಳಿಸಿದಳು.

ಮಾರನೆಯ ದಿನವೇ ಗಾಡಿ ತಿರುಗಿ ಬಂತು. ಶುಭದಾ ಹಣೆ ಒತ್ತಿಕೊಳ್ಳುತ್ತ ಇಳಿದಳು.

“ಅನಸವ್ವ, ಗಾಳಿ ಬರೂದಿಲ್ಲ ಖರೆ. ಆದರ ಆ ಹಾಳಿ ಢಬಢಬ ಢಬಢಬ ಬಡಕೋತದ. ಡೊಳ್ಳಿನೊಳಗ ಕೂತಂಗ ಆಗ್ತದ. ತಲಿ ಸಿಡಿಯಾಕತ್ತದ.”

ಅನಸವ್ವನಿಗೆ ಆ ಸದ್ದು ಕೇಳಿರಲಿಲ್ಲ. ಗಾಡಿ ಓಡುವಾಗ ಹಾಳೆಯ ಮೇಲೆ ಅಂಗೈ ಇಟ್ಟಿದ್ದರೆ ನಡುಕ ತಿಳಿಯುತ್ತಿತ್ತು. ಅವಳು ಕೈ ಇಟ್ಟಿರಲಿಲ್ಲ. ಅಷ್ಟೇ ಅಲ್ಲ. ವಕೀಲರು ಗುಂಡಿ ಒತ್ತಿ ಛತ್ತನ್ನು ಮೇಲೆತ್ತಿ ತೋರಿಸಿದರು. ಛತ್ತಿನ ಬಟ್ಟೆಗೆ ಹಿಂಬದಿಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ಕಿನ ಕಿಟಕಿ ಇತ್ತು. ಮಡಚುವಾಗ ಅದು ಅವಳ ಬೋಲ್ಟಿನ ತಲೆಗೆ ಸಿಕ್ಕಿ, ಈ ಮೂಲೆಯಿಂದ ಆ ಮೂಲೆಗೆ ಸೀಳಿತ್ತು.

ಅನಸವ್ವ ಸೀಳಿದ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಛತ್ತು ಎತ್ತಿದಾಗ ಹೇಗೆ ಕೂಡುತ್ತದೆ ಎಂದು ನೋಡಿದ್ದಳು. ಇಳಿಸಿದಾಗ ಎಲ್ಲಿ ಮಡಚಿಕೊಳ್ಳುತ್ತದೆ ಎಂದು ನೋಡಿರಲಿಲ್ಲ. ಅವಳ ಅಳತೆ ತಪ್ಪಿದ್ದು ಎಂಟು ವರ್ಷದಲ್ಲಿ ಇದೇ ಮೊದಲೇನಲ್ಲ, ಆದರೆ ಇಷ್ಟು ಕಣ್ಣಿಗೆ ರಾಚುವ ಹಾಗೆ ತಪ್ಪಿರಲಿಲ್ಲ.

ದತ್ತಾತ್ರೇಯ ಹೆಂಡತಿಯ ಕಡೆ ಬಾಗಿ ಮರಾಠಿಯಲ್ಲಿ ಅಂದರು: “ಹಿಚ್ಯಾಕಡೂನ ಹೋಣಾರ ನಾಹೀ.” ಇವಳ ಕೈಲಿ ಆಗುವುದಿಲ್ಲ ಎಂದು. ಅವರ ದನಿ ಕೇಳಲು ಪಕ್ಕದಲ್ಲಿದ್ದ ಶುಭದಾಳೇ ಕಿವಿ ಕೊಡಬೇಕಾಯಿತು. ಮೂರು ಮೊಳ ದೂರದಲ್ಲಿದ್ದ ಅನಸವ್ವ ತಲೆ ಎತ್ತಿದಳು. ಇಚಲಕರಂಜಿಯ ವ್ಯಾಪಾರಿಗಳು ಅವಳ ತವರುಮನೆಯ ಜಗಲಿಯ ಮೇಲೆ ಕೂತು ಸೀರೆಗೆ ದರ ಮುರಿಯುತ್ತಿದ್ದ ದಿನಗಳಿಂದ ಅವಳಿಗೆ ಮರಾಠಿ ಗೊತ್ತು.

“ಆಗ್ತೈತ್ರಿ ವಕೀಲರ,” ಎಂದಳು. “ತಪ್ಪು ನಂದ. ಛತ್ತಿನ ಕಿಡಕಿ ಹೊಸಾದು ಹೊಲದು ಕೊಡ್ತೀನಿ. ಗಾಳಿದು ಇನ್ನೊಮ್ಮೆ ಮಾಡ್ತೀನಿ. ಎಂಟು ದಿನ ಗಾಡಿ ಇಲ್ಲೇ ಬಿಡ್ರಿ.”

ವಕೀಲರ ಮುಖ ಕೆಂಪಾಯಿತು. ನಲವತ್ತು ವರ್ಷ ಎದುರಿನವರನ್ನು ಮಾತಿನಲ್ಲಿ ಹಿಡಿದವರು ಈಗ ತಾವೇ ಸಿಕ್ಕಿಬಿದ್ದಿದ್ದರು. ಗಾಡಿಯ ಕೀಲಿಯನ್ನು ಹೊಲಿಗೆ ಮಷಿನ್ನಿನ ಮೇಲೆ ಇಟ್ಟು, ಜಮಖಂಡಿಯ ಬಸ್ಸು ಹತ್ತಿ ಹೋದರು.

ಕಿಟಕಿಗೆ ಎರಡು ದಿನ ಹಿಡಿಯಿತು. ಹಳೆಯ ಹೊಲಿಗೆಯನ್ನು ಬಿಚ್ಚಿ, ಅದೇ ತೂತುಗಳಲ್ಲೇ ಸೂಜಿ ಬೀಳುವಂತೆ ಹೊಸ ಹಾಳೆ ಕೂರಿಸಿ ಕೈಯಿಂದಲೇ ಹೊಲಿದಳು. ಮಷಿನ್ನಿಗೆ ಕೊಟ್ಟಿದ್ದರೆ ಹೊಸ ತೂತು ಬಿದ್ದು ಮಳೆಗಾಲದಲ್ಲಿ ಸೋರುತ್ತಿತ್ತು. ಅರುಣ ನಡುನಡುವೆ ಬಂದು ನೋಡಿ, “ಕಾಕು, ಟ್ರ್ಯಾಕ್ಟರಿನವರು ಸರದಿ ಹಚ್ಚಿ ನಿಂತಾರ. ಈ ಆಟಿಕಿ ಗಾಡಿ ಯಾಕ ತಲಿಮ್ಯಾಲೆ ಹೊತ್ಕೊಂಡಿ?” ಎಂದ.

“ಸೀಳಿದ್ದು ನಾನ, ಹೊಲಿಯಾಕಿನೂ ನಾನ,” ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಮೂರನೆಯ ದಿನದಿಂದ ಜಾಳಿಗೆಯ ಕೆಲಸ. ಮೊದಲು ನರ್ಸರಿಯವರು ಸಸಿಗೆ ನೆರಳು ಮಾಡಲು ಕಟ್ಟುವ ಹಸಿರು ಪರದೆ ತಂದಳು. ಫ್ಯಾನಿನ ಮುಂದೆ ಹಿಡಿದರೆ ಅದು ಪಟಪಟನೆ ಹೊಡೆದುಕೊಂಡಿತು. ಸೊಳ್ಳೆಪರದೆಯ ಬಟ್ಟೆಯನ್ನು ಎರಡು ಪದರ ಮಾಡಿದಳು. ಅದು ಹಿಟ್ಟಿನ ಚೀಲದಂತೆ ಉಬ್ಬಿತು. ಹಳೆಯ ಕೈಮಗ್ಗವೊಂದು ಮನೆಯ ಹಿಂದೆ ಇನ್ನೂ ಇತ್ತು; ತಾನೇ ನೇಯ್ದರೆ ಹೇಗೆ ಎಂದು ನೈಲಾನ್ ದಾರವನ್ನು ಉದ್ದೆಳೆಯಾಗಿ ಹಾಸು ಕಟ್ಟಿ ಒಂದು ಮೊಳ ನೇಯ್ದೂ ನೋಡಿದಳು. ವಿರಳವಾಗಿ ನೇಯ್ದ ನೈಲಾನ್ ಎಳೆಗಳು ಒಂದರ ಮೇಲೊಂದು ಜಾರಿ, ಎಲ್ಲೋ ಗಂಟುಗಟ್ಟಿ ಎಲ್ಲೋ ಬಾಯಿಬಿಟ್ಟವು. ಅದನ್ನು ಸುತ್ತಿ ಮೂಲೆಗೆ ಎಸೆದಳು.

ಕೊನೆಗೆ ದಾರಿ ಸಿಕ್ಕದ್ದು ಟ್ರ್ಯಾಕ್ಟರಿನವನೊಬ್ಬನಿಂದ. ಸೀಟು ಹೊಲಿಸಲು ಬಂದಿದ್ದವನು ತನ್ನ ಬುತ್ತಿಗಂಟನ್ನು ಒಂದು ತುಂಡು ಕಪ್ಪು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ. ಅನಸವ್ವ ಬುತ್ತಿಯನ್ನು ಬಿಟ್ಟು ಬಟ್ಟೆಯನ್ನೇ ಹಿಡಿದು ನೋಡಿದಳು. ದಪ್ಪ ನೈಲಾನ್, ಸಾಸಿವೆ ಕಾಳು ಹಾಯುವಷ್ಟು ಕಣ್ಣು, ಎಳೆದರೆ ಒಂದು ಎಳೆಯೂ ಜಾರುತ್ತಿರಲಿಲ್ಲ.

“ಎಲ್ಲಿದೋ ಇದು?”

“ಕಬ್ಬಿನ ಹಾಲು ಸೋಸೂ ಬಟ್ಟಿ ಅತ್ತಿ. ಹಳೇದಾದ್ರ ಗುಜರಿಗೆ ಬರ್ತೈತಿ. ಮುಧೋಳದಾಗ ಬೇಕಾದಷ್ಟು ಸಿಗ್ತೈತಿ.”

ಅವಳು ಅಂದೇ ಮುಧೋಳದ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಹಿಂದಿನ ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿದ್ದ ಜಾಳಿಗೆಗಳ ಮುಂದೆ ಕೂತು, ಒಂದೊಂದನ್ನೇ ಬಾಯಿಗೆ ಅಡ್ಡ ಹಿಡಿದು ಊದಿ ನೋಡಿದಳು. ತೀರ ಸಣ್ಣ ಕಣ್ಣಿನದಾದರೆ ಉಸಿರು ತಿರುಗಿ ಮುಖಕ್ಕೇ ಬರುತ್ತಿತ್ತು. ಅದು ಪ್ಲಾಸ್ಟಿಕ್ ಹಾಳೆಯ ಹಾಗೆಯೇ ಬಡಿದುಕೊಳ್ಳುತ್ತದೆ. ದೊಡ್ಡ ಕಣ್ಣಿನದಾದರೆ ಉಸಿರು ಹಾಗೇ ಹಾಯುತ್ತಿತ್ತು. ನಡುವಿನದೊಂದು ಅವಳಿಗೆ ಬೇಕಾಗಿತ್ತು: ಊದಿದರೆ ಆಚೆಗಿಟ್ಟ ಅಂಗೈಗೆ ಗಾಳಿ ಬರೇ ಬೆಚ್ಚಗೆ ತಾಗಬೇಕು. ಗುಜರಿಯವನು ಈ ಹೆಂಗಸು ಏನು ಮಾಡುತ್ತಿದ್ದಾಳೆಂದು ತಿಳಿಯದೆ ನಿಂತು ನೋಡಿದ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಮನೆಗೆ ತಂದು ಮೂರು ಸಲ ಬಿಸಿನೀರಲ್ಲಿ ತೊಳೆದರೂ ಅದರಿಂದ ಬೆಲ್ಲದ ವಾಸನೆ ಪೂರ್ತಿ ಹೋಗಲಿಲ್ಲ.

ಉಳಿದದ್ದು ಬಿಗಿ. ಸಡಿಲವಾದ ಬಟ್ಟೆ ಸದ್ದು ಮಾಡುತ್ತದೆ. ಇದು ಮಗ್ಗದಲ್ಲೂ ಅಷ್ಟೇ. ಅರುಣನ ಕೈಲಿ ಕೊಳವೆಯ ಹೊಸ ಚೌಕಟ್ಟು ಮಾಡಿಸಿದಳು, ಈ ಸಲ ನಾಲ್ಕು ಬೆರಳು ಗಿಡ್ಡ, ಮೂಲೆಗಳು ಗುಂಡಗೆ. ಹಾಸು ಬಿಗಿಯುವ ಹಾಗೆ ಜಾಳಿಗೆಯನ್ನು ನಾಲ್ಕೂ ಕಡೆಯಿಂದ ಸ್ವಲ್ಪಸ್ವಲ್ಪವೇ ಎಳೆದು, ಬೆರಳಿನಿಂದ ತಟ್ಟಿ, ಮತ್ತೆ ಎಳೆದು, ಅಂಚಿಗೆ ರೆಗ್ಝಿನ್ ಪಟ್ಟಿ ಹೊಲಿದಳು. ಬೋಲ್ಟು ಬೇಡವೆಂದು ಶಾಲೆಯ ಚೀಲಕ್ಕೆ ಹಾಕುವಂಥ ಅಗಲದ ಪಟ್ಟಿಗಳಿಂದ ಕಮಾನಿಗೆ ಕಟ್ಟಿದಳು. ಆಮೇಲೆ ಛತ್ತನ್ನು ಹತ್ತು ಸಲ ಎತ್ತಿದಳು, ಹತ್ತು ಸಲ ಮಡಚಿದಳು. ಪ್ರತಿ ಸಲವೂ ಸಂದಿನಲ್ಲಿ ಕೈ ಹಾಕಿ, ಎಲ್ಲಿ ಏನು ತಾಗುತ್ತದೆ ಎಂದು ನೋಡಿದಳು. ಎಲ್ಲೂ ಏನೂ ತಾಗಲಿಲ್ಲ.

ಎಂಟನೆಯ ದಿನ ಗಂಡ ಹೆಂಡತಿ ಬಂದರು. ದತ್ತಾತ್ರೇಯ ಮೊದಲು ಕಿಟಕಿಯ ಹೊಲಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಹೊಸ ಹೊಲಿಗೆ ಯಾವುದು, ಹಳೆಯದು ಯಾವುದು ಗೊತ್ತಾಗಲಿಲ್ಲ. ಅನಸವ್ವ ಕೆಂಪು ನೂಲು ಕಟ್ಟಿ ಕೊಟ್ಟು, “ಹೋಗಿ ಬರ್ರಿ. ನೂಲು ಎತ್ತಾಗ ಹಾರ್ತೈತಿ ನೋಡ್ರಿ. ಅದಕ್ಕಿಂತ ಮೊದಲ ನನಗ ಏನೂ ಹೇಳಬ್ಯಾಡ್ರಿ” ಎಂದಳು.

ಗಾಡಿ ಹೋಯಿತು. ಅವಳು ಒಬ್ಬ ಟ್ರ್ಯಾಕ್ಟರಿನವನ ಸೀಟಿಗೆ ಫೋಮ್ ಕತ್ತರಿಸುತ್ತ ಕೂತಳು. ಕತ್ತರಿ ಎರಡು ಸಲ ಗೆರೆ ತಪ್ಪಿತು.

ಅವರು ಅನಗವಾಡಿಯವರೆಗೂ ಹೋಗಿ, ಮೂರು ತಾಸಿನ ಮೇಲೆ ಬಂದರು. ಶುಭದಾ ಸ್ಕಾರ್ಫನ್ನು ಕೈಯಲ್ಲಿ ಹಿಡಿದುಕೊಂಡು ಇಳಿದಳು. ಕೂದಲು ಕೆದರಿತ್ತು, ಆದರೆ ಬರೇ ನೆತ್ತಿಯ ಮೇಲೆ.

“ನೂಲು?” ಎಂದಳು ಅನಸವ್ವ.

“ಕಮಾನಿನವು ಅಲ್ಲೇ ನಿಂತು ನಡುಗತಾವ, ಮುಂದ ಬರೂದಿಲ್ಲ. ಸೀಟಿನವು ಜೋತು ಬಿದ್ದಾವ.”

“ಮಾತು?”

“ಕೇಳಿಸ್ತು. ಎಲ್ಲಾನೂ ಅಲ್ಲ. ಎಂಬತ್ತರ ಮ್ಯಾಲೆ ಹೋದ್ರ ಏನೂ ಕೇಳೂದಿಲ್ಲ. ಎದುರಿಗೆ ಲಾರಿ ಬಂದ್ರ ಕೇಳೂದಿಲ್ಲ.”

“ಹಂಗಾರ ಎಂಬತ್ತರೊಳಗ ಹೋಗ್ರಿ,” ಎಂದಳು ಅನಸವ್ವ. ಆಮೇಲೆ ತಡೆಯಲಾರದೆ, “ಮೊದಲ ಏನ್ ಅಂದ್ರು?” ಎಂದು ಕೇಳಿದಳು.

“ಮುಧೋಳ ದಾಟಿದ ಮ್ಯಾಲೆ ಅಂದ್ರು,” ಎಂದಳು ಶುಭದಾ. “ಮನ್ಯಾಗ ಗ್ಯಾಸ್ ಬಂದ್ ಮಾಡೀಯಿಲ್ಲೋ ಅಂದ್ರು.” ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು; ನಗುತ್ತಲೇ ಸ್ಕಾರ್ಫಿನಿಂದ ಕಣ್ಣು ಒರೆಸಿಕೊಂಡಳು. “ಎರಡು ವರ್ಷದಾಗ ಈ ಗಾಡ್ಯಾಗ ನನಗ ಕೇಳಿಸಿದ ಮೊದಲನೇ ಮಾತು ಇದು ನೋಡ್ರಿ. ನಾನು ಮಾಡೀನಿ ಅಂದೆ. ಮಾಡಿದ್ದೆನೋ ಇಲ್ಲೋ ನೆನಪಿಲ್ಲ.”

ದತ್ತಾತ್ರೇಯ ಅಷ್ಟು ದೂರದಲ್ಲಿ ಗಾಡಿಗೆ ಒರಗಿ ನಿಂತಿದ್ದರು. ಅನಸವ್ವನ ಕಡೆ ನೋಡಿ, ಆವತ್ತು ಮರಾಠಿಯಲ್ಲಿ ಅಂದದ್ದನ್ನು ವಾಪಸ್ ತೆಗೆದುಕೊಂಡೆ ಎಂದರು. ಅನಸವ್ವ, “ಇರ್ಲಿ ಬಿಡ್ರಿ. ನಮ್ಮ ಯಜಮಾನ್ರೂ ಹಂಗ ಅಂತಿದ್ರು” ಎಂದಳು.

ಏಪ್ರಿಲಿನಲ್ಲಿ ಮಿರಜಿಗೆ ತಪಾಸಣೆಗೆ ಹೋಗಿದ್ದರು. ಗಂಟಲು ಚೊಕ್ಕವಾಗಿದೆ, ಇನ್ನು ಆರು ತಿಂಗಳು ಬರಬೇಡಿ ಎಂದು ಡಾಕ್ಟರು ಹೇಳಿದ್ದರು. ವಾಪಸ್ ಬರುವಾಗ, ಕೆಲಸವೇನೂ ಇಲ್ಲದಿದ್ದರೂ, ಸಾಯಂಕಾಲ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಶುಭದಾ ಪೇಡೆಯ ಪೆಟ್ಟಿಗೆ ತೆಗೆದಳು. ಅರುಣ ಸ್ಟವ್ ಹಚ್ಚಿ ಚಹಾ ಇಟ್ಟ. ಸೀಟು ಒಯ್ಯಲು ಬಂದಿದ್ದ ಇಬ್ಬರು ಡ್ರೈವರುಗಳು, ಬೀಡಿ ಹಚ್ಚುತ್ತ ನಿಂತಿದ್ದ ಇನ್ನೊಬ್ಬ, ಎದುರುಮನೆಯ ಸಿದ್ದಕ್ಕ, ಎಲ್ಲರೂ ಸುತ್ತ ನಿಂತು ಗಾಡಿಯನ್ನು ನೋಡಿದರು.

ಮಾತು ಹೇಗೋ ಮುಧೋಳದ ನಾಯಿಗಳ ಕಡೆ ಹೊರಳಿತು. ಅರುಣ ಒಂದು ಮರಿ ಸಾಕಬೇಕೆಂದಿದ್ದ. ದತ್ತಾತ್ರೇಯರ ತುಟಿ ಅಲುಗಿತು. ಎಂದಿನಂತೆ ಎಲ್ಲರೂ ಶುಭದಾಳ ಮುಖ ನೋಡಿದರು. ಶುಭದಾ ಚಹಾ ಸೋಸುತ್ತಿದ್ದಳು. ಅನಸವ್ವನೇ ಅಂದಳು: “ನಾಯಿದು ಒಂದು ಕೇಸ್ ನಡಿಸಿದ್ರಂತ ಇವರು.”

“ಏನ್ ಕೇಸ್ರಿ?” ಎಂದ ಡ್ರೈವರು.

ವಕೀಲರು ಹೇಳತೊಡಗಿದರು. ಅನಸವ್ವ ಅವರ ಎದುರು ಸ್ಟೂಲ್ ಎಳೆದುಕೊಂಡು ಕೂತು, ಒಂದೊಂದು ವಾಕ್ಯವನ್ನೂ ತನ್ನ ಶೆಡ್ಡಿನ ದನಿಯಲ್ಲಿ ಹೇಳಿದಳು.

“ಒಂದ ಬೇಟಿನಾಯಿ, ಇಬ್ರು ಮಾಲಕರು. ಭಾವ, ಮೈದುನ. ನಂದು ಅಂತಾನ ಇವ, ನಂದು ಅಂತಾನ ಅವ. ಕೇಸ್ ಮೂರು ವರ್ಷ ನಡೀತಂತ. ಪ್ರತಿ ತಾರೀಖಿಗೂ ನಾಯಿನ್ನ ಕೋರ್ಟಿಗೆ ತರಬೇಕು, ಸಾಕ್ಷಿ ಅಂತ... ಏನ್ರಿ? ಸಾಕ್ಷಿ ಅಲ್ಲಂತ. ಮುದ್ದೆಮಾಲು.”

“ಮುದ್ದೆಮಾಲಂದ್ರ?” ಎಂದಳು ಸಿದ್ದಕ್ಕ, ಅವಳ ಎದುರಿಗೆ ಬಾಗಿ.

“ಜಗಳದ ಸಾಮಾನು, ಸುಮ್ನಿರ. ಕಡೀಕ ಇವರು ಜಡ್ಜ್ ಸಾಹೇಬ್ರಿಗೆ ಅಂದ್ರಂತ, ನಾಯಿ ತನ್ನ ಮಾಲಕನ್ನ ಮರಿಯೂದಿಲ್ಲ, ಬಯಲಿಗೆ ಬಿಡ್ರಿ, ಯಾರ ಹಂತ್ಯಾಕ ಹೋಗ್ತೈತಿ ನೋಡೋಣು. ಬಿಟ್ರು. ಭಾವ ಈ ಕಡಿಂದ ಕರದ, ಮೈದುನ ಆ ಕಡಿಂದ ಕರದ. ನಾಯಿ ಇವನ್ನೂ ನೋಡ್ತು, ಅವನ್ನೂ ನೋಡ್ತು...”

ವಕೀಲರು ಅಲ್ಲಿ ನಿಲ್ಲಿಸಿದರು. ಅನಸವ್ವನೂ ನಿಲ್ಲಿಸಿದಳು. ಹಳೆಯ ಅಭ್ಯಾಸ, ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿತ್ತು. ಬೀಡಿ ಹಿಡಿದವನು ಬಾಯಿ ತೆರೆದುಕೊಂಡು ನಿಂತಿದ್ದ.

“ಸೀದಾ ಓಡಿ ಹೋಗಿ, ಗಿಡದ ಬುಡಕ ಕುಂತಿದ್ದ ಕೋರ್ಟಿನ ಜವಾನನ ಕಾಲಾಗ ಮಕ್ಕೋತು! ಯಾಕಲೇ ಅಂತ ಜಡ್ಜ್ ಸಾಹೇಬ್ರು ಕೇಳಿದ್ರ ಜವಾನ ಅಂದ, ಸಾಹೇಬ್ರ, ಮೂರು ವರ್ಷ ತಾರೀಖಿಗೆ ಬಂದಾಗೆಲ್ಲಾ ಇವರಿಬ್ರೂ ಜಗಳಾಡ್ತಿದ್ರು, ರೊಟ್ಟಿ ಹಾಕಾಂವ ನಾ ಒಬ್ಬನ!”

ನಗು ಎದ್ದಿತು. ಡ್ರೈವರೊಬ್ಬ ಚಹಾ ಚೆಲ್ಲಿಕೊಂಡ. ಶುಭದಾ ಈ ಕತೆಯನ್ನು ಮೂವತ್ತು ವರ್ಷದಲ್ಲಿ ಹತ್ತಾರು ಸಲ ಕೇಳಿದವಳು. ಈಗ ಬೇರೊಬ್ಬ ಹೆಂಗಸಿನ ದನಿಯಲ್ಲಿ ಕೇಳಿ, ಸೋಸುವ ಜಾಳಿಗೆ ಕೈಯಲ್ಲಿ ಹಿಡಿದೇ ಗಂಡನನ್ನು ನೋಡುತ್ತ ನಿಂತಿದ್ದಳು. ದತ್ತಾತ್ರೇಯ ನಗಲಿಲ್ಲ. ಕತೆ ಹೇಳಿದವನು ನಗಬಾರದೆಂಬುದು ಅವರ ನಿಯಮ. ಮಫ್ಲರ್ ಸರಿಮಾಡಿಕೊಂಡು, ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿದರು.

ಹೊತ್ತು ಮುಳುಗುವ ಮೊದಲು ಅವರು ಛತ್ತು ಮಡಚಿಕೊಂಡೇ ಜಮಖಂಡಿಯ ಕಡೆಗೆ ಹೋದರು. ಗಾಡಿ ಕಬ್ಬಿನ ಮರೆಯಾಗುವವರೆಗೂ ನೋಡಿ, ಚಹಾ ಚೆಲ್ಲಿಕೊಂಡಿದ್ದ ಡ್ರೈವರು ಅನಸವ್ವನ ಎದುರಿಗೆ ಬಂದು ನಿಂತು ಕೇಳಿದ:

“ಯಾರವ್ವ ಅವರು?”

“ವಕೀಲರು,” ಎಂದಳು ಅನಸವ್ವ, ಮಷಿನ್ನಿಗೆ ದಾರ ಹಾಕುತ್ತ. “ಭಾಳ ಮಾತಾಡ್ತಾರ.”